ಹಳೇ ಗಚ್ಚಿನ ಛತ್ತು ಜೋತು ಬಿದ್ದಿದೆ, ಅಂಚಿನ ಹೂಬಳ್ಳಿ ಉಳಿಸೋದು ಹೇಗೆ?

ಹಳೇಮನೆ_ಕಲಬುರಗಿ:
ತಲೆ ಕೆಟ್ಟು ಹೋಗಿದೆ. ಅಜ್ಜನ ಕಾಲದ ಮನೆ. ಪಡಸಾಲೆಯ ಛತ್ತು ನಡುವೆ ನಾಲ್ಕು ಬೆರಳು ಜೋತಿದೆ. ಗೋಡೆ ಅಂಚಿಗೆ ಸುತ್ತಲೂ ಗಚ್ಚಿನ ಹೂಬಳ್ಳಿ, ಮಧ್ಯದಲ್ಲಿ ಒಂದು ಕಮಲ. ಮೂವರು ಗೌಂಡಿಗಳನ್ನು ಕರೆಸಿದೆ. ಮೂವರದ್ದೂ ಒಂದೇ ಮಾತು: "ಎಲ್ಲಾ ಕಿತ್ತು ಹಾಕ್ರಿ, ಪಿಒಪಿ ಮಾಡೋಣ." ಛತ್ತು ಹೋದರೆ ಹೋಗಲಿ, ಹೂವು ಉಳಿಯಬೇಕು. ಏನು ಮಾಡಲಿ?

ಮಾಳಿಗೆ_ಮಾಸ್ತರ:
ಸೋರಿಕೆ ರೀ. ಫೋಟೋ ನೋಡಿದ ಕೂಡಲೇ ಗೊತ್ತಾಯಿತು. ಮೊದಲು ಮೇಲಿನ ಫರ್ಸಿ ಸಂದು ತುಂಬಿಸಿ.

ಹಳೇಮನೆ_ಕಲಬುರಗಿ:
ಕಲೆ ಒಂದೂ ಇಲ್ಲ ಸರ್. ಮೇ ತಿಂಗಳು, ಕಲಬುರಗಿ. ನೀರು ಎಲ್ಲಿಂದ ಬರಬೇಕು?

ಮಾಳಿಗೆ_ಮಾಸ್ತರ:
ಹೋದ ವರ್ಷದ ನೀರು ಒಳಗೇ ಕೂತಿರುತ್ತೆ. 20 ವರ್ಷದಿಂದ ಇದೇ ನೋಡುತ್ತಿದ್ದೇನೆ.

ಬೀದರಿ_ಕರಣೆ:
ಒಂದು ನಿಮಿಷ. ಗಚ್ಚು ಬಳಿದಿರೋದು ಕಲ್ಲಿಗಾ, ಜಂತಿಗೆ ಹೊಡೆದ ಮರದ ಪಟ್ಟಿಗಾ? ಪಟ್ಟಿಯಾದರೆ ಗಚ್ಚು ಸಂದಿನೊಳಗೆ ನುಗ್ಗಿ ಆಚೆ ಗುಬುಟಾಗಿ ಹಿಡಿದಿರುತ್ತೆ. ಗುಬುಟು ಮುರಿದರೆ, ಇಲ್ಲ ಪಟ್ಟಿ ಸಡಿಲವಾದರೆ ಹೀಗೇ ಜೋಲುತ್ತೆ. ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ.

ಹಳೇಮನೆ_ಕಲಬುರಗಿ:
ಪಟ್ಟಿಗೇ. ಒತ್ತಿದರೆ ಚಪಾತಿ ಉಬ್ಬಿದ ಹಾಗೆ ಮೇಲೆ ಹೋಗಿ ಕೆಳಗೆ ಬರುತ್ತೆ.

ಸುಣ್ಣದ_ಹುಚ್ಚ:
ಏನೇ ಆಗಲಿ, ಪಿಒಪಿ ಬೇಡ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ. ನಿಮ್ಮೂರಲ್ಲೇ ಹಫ್ತ್ ಗುಂಬಜ್ ಇದೆ. ಬಹಮನಿ ಸುಲ್ತಾನ ಫಿರೋಜ್ ಶಾಹನ ಗೋರಿ ಒಳಗೆ ಹೋಗಿ ತಲೆ ಎತ್ತಿ ನೋಡಿ. ಸುಮಾರು 600 ವರ್ಷದ ಗಚ್ಚು.

ಬೀದರಿ_ಕರಣೆ:
ಅದು ಕಲ್ಲಿನ ಗುಮ್ಮಟ ಅಣ್ಣಾ. ಇವರದ್ದು ಬೆರಳಗಲದ ಮರದ ಪಟ್ಟಿ.

ಸುಣ್ಣದ_ಹುಚ್ಚ:
ಬೆಲ್ಲ ಹಾಕಿದರೆ ಪಟ್ಟಿಗೂ ಹಿಡಿಯುತ್ತೆ. ಬೆಲ್ಲ ಹಾಕಿ ನೋಡಿದ್ದೀರಾ?

ಲೇಸರ್_ಬಾಸ್:
ನನ್ನ ಹತ್ತಿರ 12 ಗೆರೆಯ ಹಸಿರು ಲೇಸರ್ ಲೆವೆಲ್ ಇದೆ. ಗ್ರೈಂಡರ್ ಮೂರು. ಫೋಟೋ ಹಾಕಲಾ?

ಹಳೇಮನೆ_ಕಲಬುರಗಿ:
ಬೇಡ. ಇನ್ನೊಂದು ವಿಷಯ. ದಿನಾ ಬೆಳಗ್ಗೆ ದಿವಾನದ ಮೇಲೆ ಹಿಟ್ಟಿನಂಥ ಪುಡಿ ಬಿದ್ದಿರುತ್ತೆ. ಸುಣ್ಣ ಉದುರುತ್ತಿದೆ ಅಂತ ಅವ್ವ ಒರೆಸುತ್ತಾಳೆ.

ಬೀದರಿ_ಕರಣೆ:
ಇದನ್ನು ಮೊದಲೇ ಹೇಳಬಾರದಾ ಮಾರಾಯರೆ! ಆ ಪುಡಿಗೆ ನಿಂಬೆಹಣ್ಣು ಹಿಂಡಿ. ಸುಣ್ಣವಾದರೆ ನೊರೆ ಏಳುತ್ತೆ.

ಹಳೇಮನೆ_ಕಲಬುರಗಿ:
ಹಿಂಡಿದೆ. ನೊರೆ ಇಲ್ಲ. ತೊಯ್ದು ಕಂದು ಬಣ್ಣವಾಯಿತು ಅಷ್ಟೇ.

ಬೀದರಿ_ಕರಣೆ:
ಹಾಗಾದರೆ ಮರದ ಪುಡಿ. ಪಟ್ಟಿಗೆ ಕುಟ್ಟೆ, ಅಂದರೆ ಮರ ಕೊರೆಯೋ ಹುಳ ಹಿಡಿದಿದೆ. ಇವತ್ತೇ ದಿವಾನ ಹೊರಗಿಡಿ, ಫ್ಯಾನ್ ಬಂದ್ ಮಾಡಿ.

ಹೂಬಳ್ಳಿ ಬೆರಳಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದಲ್ಲಿ ಗೋಡೆಗೆ ಕೂತಿದೆ. ಟೊಳ್ಳು ಸದ್ದು ಬಂದಲ್ಲಿ ಪ್ಲೈವುಡ್ ಮೇಲೆ ಫೋಮ್ ಇಟ್ಟು ಕಂಬದ ಆಸರೆ ಕೊಡಿ. ಬಳಿದ ಸುಣ್ಣದ ಪದರ ಮೆತ್ತನೆ ಬ್ರಷ್, ನೀರಿನಿಂದ ತೆಗೆಯಿರಿ, ಇಲ್ಲದಿದ್ದರೆ ಅಚ್ಚಿನಲ್ಲಿ ಎಸಳೇ ಬರಲ್ಲ. ಒಂದು ಮೊಳ ಬಳ್ಳಿಗೆ ಸಿಲಿಕಾನ್ ರಬ್ಬರಿನ ಅಚ್ಚು ತೆಗೆದು, ಬೆನ್ನಿಗೆ ಪಿಒಪಿ ಚಿಪ್ಪು ಕೊಡಿ. ಮುರಿದ ತುಂಡು ಅದರಲ್ಲೇ ಮತ್ತೆ ಎರಕ ಹೊಯ್ಯಬಹುದು.

ಆಮೇಲೆ ಹೂವಿನಿಂದ ಮೂರು ಇಂಚು ಬಿಟ್ಟು ಕೊಯ್ಯಿರಿ. ಸುತ್ತಿಗೆ, ಗ್ರೈಂಡರ್ ಎರಡೂ ಬೇಡ, ಅಲುಗಿ ಕೊಯ್ಯುವ ಸಣ್ಣ ಮಲ್ಟಿಟೂಲ್ ಸಾಕು. ಜಂತಿಗೆ ಹುಳದ ಔಷಧಿ ಹಚ್ಚಿ, ಹೊಸದಾಗಿ ಕಬ್ಬಿಣದ ಚಾನೆಲ್ ಬಿಗಿದು 12.5 ಮಿಮೀ ಜಿಪ್ಸಮ್ ಬೋರ್ಡ್ ಹಾಕಿ.

ಲೇಸರ್_ಬಾಸ್:
ಗ್ರೈಂಡರ್‌ಗೆ ಏನಾಗಿದೆ?

ಸುಣ್ಣದ_ಹುಚ್ಚ:
ಜಿಪ್ಸಮ್ ಬೋರ್ಡಾ? ಅಜ್ಜ ಎದ್ದು ಬರುತ್ತಾರೆ ನೋಡಿ.

ಹಳೇಮನೆ_ಕಲಬುರಗಿ:
ಅಪ್‌ಡೇಟ್. ಎರಡು ಗೋಡೆಯ ಬಳ್ಳಿ ಹಾಗೇ ನಿಂತಿದೆ. ಬಾಗಿಲ ಕಡೆ ಒಂದೂವರೆ ಅಡಿ ಬಿತ್ತು, ಅಚ್ಚು ಇದೆ. ಕಮಲ ಇಡಿಯಾಗಿ ಕೆಳಗೆ ಬಂತು, ಈಗ ದಿವಾನದ ಮೇಲೆ ಮಲಗಿದೆ. ಅವ್ವ ನೆಲದ ಮೇಲೆ.

ಮಾಳಿಗೆ_ಮಾಸ್ತರ:
ಜೂನ್ ಬಂತು. ಸೋರುತ್ತಿದೆಯಾ?