ಕುಟುಂಬದ ಗುಂಪು: ರೆಪ್ಪೆ ಜೋತ್ರೆ ಕ್ಯಾನ್ಸರ್ರಾ?

ಶ್ರೀಧರ ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) 🔴 ಎಚ್ಚರ! ಒಂದು ಕಣ್ಣಿನ ರೆಪ್ಪೆ ಜೋತಿದೆಯಾ? ಆ ಕಣ್ಣಿನ ಪಾಪೆ ಸಣ್ಣದಾಗಿದೆಯಾ? ಮುಖ ಒಂದೇ ಪಕ್ಕ ಬೆವರುತ್ತಾ? ಇದೇ ಹಾರ್ನರ್ ಸಿಂಡ್ರೋಮ್, ಅಂದರೆ ಶ್ವಾಸಕೋಶದ ಕ್ಯಾನ್ಸರ್! ಎಲ್ಲರಿಗೂ ಕಳಿಸಿ 🙏

ಗೀತಾ ಅತ್ತೆ: ಅಣ್ಣಾ, ನಿಖಿಲನ ಎಡಗಣ್ಣು ಹುಟ್ಟಿದಾಗಿಂದ ಹೀಗೇ ಇದೆಯಲ್ಲ. ಕೈಕಾಲು ನಡುಗ್ತಿದೆ.

ರಘು ಚಿಕ್ಕಪ್ಪ: ಅದು ಬೆಲ್ಸ್ ಪಾಲ್ಸಿ, ಅದೇ ಮುಖದ ಒಂದು ಪಕ್ಕ ಸೋತುಹೋಗುತ್ತಲ್ಲ, ಅದಿರ್ಬೇಕು ಗೀತಕ್ಕ. ನಮ್ಮ ಆಫೀಸಲ್ಲೊಬ್ಬರಿಗೆ ಆಗಿತ್ತು, ತಾನಾಗೇ ಹೋಯ್ತು.

ಮೇಘಾ: ಅಲ್ಲ ಚಿಕ್ಕಪ್ಪ. ಬೆಲ್ಸ್ ಪಾಲ್ಸಿಲಿ ಕಣ್ಣು ಸರಿಯಾಗಿ ಮುಚ್ಚೋಕಾಗಲ್ಲ, ಬಾಯಿ ಸೊಟ್ಟಗಾಗುತ್ತೆ. ಹಾರ್ನರ್‌ನಲ್ಲಿ ಮುಖದ ಸ್ನಾಯುಗಳಿಗೆ ಏನೂ ಆಗಿರಲ್ಲ. ರೆಪ್ಪೆ ಒಂದೆರಡು ಮಿಲಿಮೀಟರ್ ಇಳಿದಿರುತ್ತೆ ಅಷ್ಟೇ. ಪಾಪೆ ಹಿಗ್ಗಿಸೋ ನರಕ್ಕೆ ಪೆಟ್ಟು ಬಿದ್ದಿರುತ್ತೆ. ಅದಕ್ಕೇ ಲೈಟ್ ಆರಿಸಿದ್ರೆ ಆ ಪಾಪೆ ನಿಧಾನಕ್ಕೆ ದೊಡ್ಡದಾಗುತ್ತೆ, ಎರಡು ಕಣ್ಣಿನ ವ್ಯತ್ಯಾಸ ಕತ್ತಲಲ್ಲೇ ಜಾಸ್ತಿ ಕಾಣೋದು.

ಶ್ರೀಧರ ದೊಡ್ಡಪ್ಪ: ಕಣ್ಣಿನ ನರಕ್ಕೂ ಶ್ವಾಸಕೋಶಕ್ಕೂ ಸಂಬಂಧ ಇದೆಯೋ ಇಲ್ವೋ, ಅದನ್ನ ಹೇಳು.

ಮೇಘಾ: ಇದೆ ದೊಡ್ಡಪ್ಪ. ಆ ನರದ ದಾರಿನೇ ವಿಚಿತ್ರ. ಮೆದುಳಿಂದ ಹೊರಟು ಬೆನ್ನುಹುರಿಲಿ ಎದೆವರೆಗೂ ಇಳಿಯುತ್ತೆ, ಶ್ವಾಸಕೋಶದ ತುದಿ ಪಕ್ಕದಲ್ಲಿ ಹಾದು, ಕತ್ತಿನ ಕೆರೋಟಿಡ್ ರಕ್ತನಾಳದ ಜೊತೆ ಮತ್ತೆ ಮೇಲೆ ಹತ್ತಿ ಕಣ್ಣಿಗೆ ಬರುತ್ತೆ. ಇಷ್ಟುದ್ದದ ದಾರೀಲಿ ಎಲ್ಲಿ ಕೆಟ್ಟರೂ ಕಣ್ಣು ಹಿಂಗೇ ಕಾಣುತ್ತೆ. ನಿಮ್ಮ ಮೆಸೇಜು ಒಂದೇ ಜಾಗ ಹಿಡ್ಕೊಂಡು ಕೂಗ್ತಿದೆ.

ರಘು ಚಿಕ್ಕಪ್ಪ: ಗೂಗಲ್ ಮಾಡ್ದೆ. ಹಾರ್ನರ್ ಅನ್ನೋನು ಸ್ವಿಸ್ ಕಣ್ಣಿನ ಡಾಕ್ಟರಂತೆ, 1869ರಲ್ಲಿ ಬರೆದದ್ದು. ಅದಕ್ಕೂ ಮುಂಚೆ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಪ್ರಾಣಿಗಳ ಕತ್ತಿನ ನರ ಕತ್ತರಿಸಿ ಇದನ್ನೇ ತೋರಿಸಿದ್ನಂತೆ. ಕತ್ತು ಕಣೋ ಅಣ್ಣ, ಶ್ವಾಸಕೋಶ ಅಲ್ಲ 😄

ಶ್ರೀಧರ ದೊಡ್ಡಪ್ಪ: ನಗು ಸಾಕು. ಒಬ್ಬರು ಹೆದರಿ ಹೋಗಿ ತೋರಿಸ್ಕೊಂಡ್ರೂ ಲಾಭವೇ.

ಮೇಘಾ: ಯಾರು ಹೆದರಬೇಕೋ ಅವರಿಗೆ ಇದರಲ್ಲಿ ಏನೂ ಇಲ್ವಲ್ಲ! ರೆಪ್ಪೆ ಇದ್ದಕ್ಕಿದ್ದಂಗೆ ಇಳೀತು, ಜೊತೆಗೆ ಕತ್ತು ನೋವೋ ತಲೆನೋವೋ ಇದೆ ಅಂದ್ರೆ ಕೆರೋಟಿಡ್ ಗೋಡೆ ಸೀಳಿರಬಹುದು. ಸ್ಟ್ರೋಕ್ ಆಗೋ ಅಪಾಯ. ಅಂಥವರು ತಕ್ಷಣ ಎಮರ್ಜೆನ್ಸಿಗೆ ಓಡ್ಬೇಕು. ಶ್ವಾಸಕೋಶದ ತುದಿಯ ಗಡ್ಡೆಲಿ ಸಾಮಾನ್ಯವಾಗಿ ಭುಜ, ತೋಳು ನೋಯುತ್ತೆ. ಅದನ್ನೂ ಬರೆದಿಲ್ಲ. ಯಾವಾಗಿಂದ ಹೀಗಿದೆ ಅಂತಾದ್ರೂ ಕೇಳಬೇಕಿತ್ತು. ಅತ್ತೆ, ನಿಖಿಲನ ಹಳೇ ಫೋಟೋ ಇದ್ರೆ ಹಾಕಿ.

ಗೀತಾ ಅತ್ತೆ: 📷 ಒಂದು ವರ್ಷದವನಿದ್ದಾಗಿನದು. ಹೆರಿಗೆಲಿ ಭುಜ ಸಿಕ್ಕಿಹಾಕ್ಕೊಂಡಿತ್ತು, ಎಳೆದು ತೆಗೆದ್ರು. ಆ ಕಡೆ ಕೈಬೆರಳು ತುಂಬ ದಿನ ಆಡ್ತಿರ್ಲಿಲ್ಲ.

ಮೇಘಾ: ಜೂಮ್ ಮಾಡಿ ನೋಡಿ ಎಲ್ಲರೂ. ಎಡಗಡೆ ರೆಪ್ಪೆ ಪಾಪೆಯ ಮೇಲಂಚಿಗೆ ತಾಗೋ ಹಂಗಿದೆ, ಬಣ್ಣಾನೂ ಬಲಗಣ್ಣಿಗಿಂತ ತಿಳಿ ಕಂದು. ಪಾಪೆ ಸುತ್ತಲಿನ ಬಣ್ಣ ತುಂಬೋಕೂ ಎಳವೆಯಲ್ಲಿ ಈ ನರ ಬೇಕು. ಭುಜ ಎಳೆದಾಗ್ಲೇ ನರಕ್ಕೆ ಪೆಟ್ಟಾಗಿರಬೇಕು. ಆದ್ರೂ ಆಗ ಸ್ಕ್ಯಾನ್ ಮಾಡಿಸಿದ್ರಾ ಅತ್ತೆ? ಮಕ್ಕಳಲ್ಲಿ ನ್ಯೂರೋಬ್ಲಾಸ್ಟೋಮಾ ಅನ್ನೋ ಗಡ್ಡೆಯಿಂದಲೂ ಅಪರೂಪಕ್ಕೆ ಹೀಗಾಗುತ್ತೆ.

ಗೀತಾ ಅತ್ತೆ: ಕತ್ತು, ಎದೆ, ಹೊಟ್ಟೆ ಎಲ್ಲ ಮಾಡಿಸಿದ್ವಿ. ಏನೂ ಇಲ್ಲ ಅಂದಿದ್ರು.

ನಿಖಿಲ್: ನನ್ನ ಕಣ್ಣಿನ ಬಗ್ಗೆ ಮೀಟಿಂಗಾ? ಆಟ ಆಡಿ ಬಂದ್ರೆ ಬಲಗೆನ್ನೆ ಮಾತ್ರ ಕೆಂಪಗಾಗುತ್ತೆ, ಅದನ್ನೂ ಸೇರಿಸ್ಕೊಳ್ಳಿ.

ಮೇಘಾ: ಅದೂ ಇದೇ ನರದ್ದೇ ಕಣೋ. ಕೆಂಪಾಗದ ಎಡಗೆನ್ನೇಲೇ ತೊಂದರೆ ಇರೋದು.

ಶ್ರೀಧರ ದೊಡ್ಡಪ್ಪ: ನಾನು ಹಾಕದೇ ಇದ್ದಿದ್ರೆ ನೀನು ಇಷ್ಟೆಲ್ಲ ಹೇಳ್ತಿದ್ಯೇನಮ್ಮ?

ಮೇಘಾ: ಮೊದಲು ಅತ್ತೆಗೆ ಫೋನ್ ಮಾಡಿ ದೊಡ್ಡಪ್ಪ. ಆಮೇಲೆ ವಾದ ಮಾಡೋಣ.