ಸಸ್ಯ ಪರಿಸರದಿಂದ ಜೌಗುನೆಲದ ಜಲವಿಜ್ಞಾನಕ್ಕೆ: ಪೋಸ್ಟ್‌ಡಾಕ್ ಪ್ರಸ್ತಾವ ಹೇಗಿರಬೇಕು?

ಜೊಂಡುಹುಲ್ಲು:
ಪಿಎಚ್‌ಡಿ ಜೌಗು ಸಸ್ಯಗಳ ಹಂಚಿಕೆಯ ಮೇಲೆ. ಕ್ವಾಡ್ರಾಟ್ (ಸಸ್ಯ ಎಣಿಸುವ ಚೌಕ), ಆರ್ಡಿನೇಶನ್ (ಸಸ್ಯ ಸಮುದಾಯಗಳನ್ನು ಹೋಲಿಕೆಯಂತೆ ಜೋಡಿಸುವ ಸಂಖ್ಯಾ ವಿಶ್ಲೇಷಣೆ) ಚೆನ್ನಾಗಿ ಬರುತ್ತದೆ. ನೀರಿನ ಮಟ್ಟ ಮಾತ್ರ ತಿಂಗಳಿಗೊಮ್ಮೆ ಅಳತೆಗೋಲು ನೋಡಿ ಬರೆದದ್ದು. ಪೋಸ್ಟ್‌ಡಾಕ್ ಜಾಹೀರಾತುಗಳಲ್ಲಿ ‘ಇಕೋಹೈಡ್ರಾಲಜಿ’ (ನೀರು-ಜೀವಿಗಳ ನಂಟಿನ ಅಧ್ಯಯನ) ಕೇಳುತ್ತಾರೆ. ಎರಡು ವರ್ಷದ ಪ್ರಸ್ತಾವದಲ್ಲಿ ಜಲವಿಜ್ಞಾನ ಎಷ್ಟಿರಬೇಕು? ಜಾಹೀರಾತಿನ ಹುದ್ದೆ ಮೇಲೋ, ಫೆಲೋಶಿಪ್ ಮೇಲೋ?

ಕೆಸರುಗಾಲು:
ಜಾಹೀರಾತಿನ ಹುದ್ದೆಯಲ್ಲಿ ಪ್ರಶ್ನೆ ಅವರದು, ಉಪಕರಣವೂ ಸಾಮಾನ್ಯವಾಗಿ ಆಗಲೇ ನೆಲದಲ್ಲಿರುತ್ತದೆ. ಕ್ಷೇತ್ರ ಬದಲಿಸುವವರಿಗೆ ಅದೇ ಸಲೀಸು. ಫೆಲೋಶಿಪ್ಪೇ ಬೇಕೆಂದರೆ ಮೊದಲು ಅರ್ಹತೆ ನೋಡಿ. ಯುರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್‌ಗೆ, ಕೊನೆಯ ದಿನಾಂಕದ ಹಿಂದಿನ 36 ತಿಂಗಳಲ್ಲಿ ನೀವು ಹೋಗಬಯಸುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು.

ಎರಡು ವರ್ಷವೆಂದರೆ ಕೈಗೆ ಸಿಗುವುದು ಹೆಚ್ಚೆಂದರೆ ಒಂದು ಪೂರ್ಣ ಜಲವರ್ಷ (ನೀರು ಏರಿ ಇಳಿಯುವ ಒಂದು ವಾರ್ಷಿಕ ಚಕ್ರ). ಅನುಮತಿ, ನೀರಿನ ಮಟ್ಟ ಅಳೆಯುವ ಬಾವಿಗೆ ಕೊಳವೆ ಇಳಿಸುವುದು ಎನ್ನುವಷ್ಟರಲ್ಲಿ ಮೊದಲ ಋತು ಮುಗಿದಿರುತ್ತದೆ. ಆ ಒಂದು ವರ್ಷದ ಮಟ್ಟದಿಂದ ಸಸ್ಯ ಸಮುದಾಯವನ್ನು ವಿವರಿಸಹೊರಟರೆ ವಿಮರ್ಶಕರು ಅಲ್ಲೇ ಹಿಡಿಯುತ್ತಾರೆ. ಬಹುವಾರ್ಷಿಕ ಸಸ್ಯ ಇಂದು ಅಲ್ಲಿರುವುದು ಹಿಂದಿನ ಹಲವು ವರ್ಷಗಳ ನೀರಿನಿಂದ. ದೀರ್ಘಕಾಲದ ಮಟ್ಟದ ದಾಖಲೆ ಇರುವ ತಾಣ ಹುಡುಕಿ, ನಿಮ್ಮ ಕ್ವಾಡ್ರಾಟ್‌ಗಳನ್ನು ಅಲ್ಲಿಡಿ. ಪ್ರತಿ ಚೌಕದ ಎತ್ತರವನ್ನು ಲೆವೆಲಿಂಗ್ (ಎತ್ತರದ ಸರ್ವೇ) ಮಾಡಿ ಬಾವಿಯ ಮಟ್ಟಕ್ಕೆ ಜೋಡಿಸಿದರೆ, ಅಲ್ಲಿ ವರ್ಷಕ್ಕೆ ಎಷ್ಟು ದಿನ ನೀರು ನಿಂತಿತ್ತು ಎಂಬ ಲೆಕ್ಕ ಬರುತ್ತದೆ. ಆ ಹೈಡ್ರೋಪೀರಿಯಡ್ಡೇ (ನೀರು ನಿಂತ ಅವಧಿಯೇ) ಸಸ್ಯದಿಂದ ಜಲವಿಜ್ಞಾನಕ್ಕೆ ನಿಮ್ಮ ಸೇತುವೆ.

ಮಟ್ಟಗೋಲು:
ಉಪಕರಣದ ಪುಟದಲ್ಲಿ ‘ಲಾಗರ್ (ಅಳತೆಯನ್ನು ತಾನೇ ದಾಖಲಿಸುವ ಉಪಕರಣ) ಹಾಕುತ್ತೇವೆ’ ಎಂದಷ್ಟೇ ಬರೆದರೆ ಸಾಲದು. ಹೊರಗಾಳಿಗೆ ತೆರೆದ ಕೊಳವೆ ಇಲ್ಲದ ಒತ್ತಡ ಲಾಗರ್ ನೀರಿನ ಜೊತೆ ವಾಯುಭಾರವನ್ನೂ ಅಳೆಯುತ್ತದೆ. 1 ಹೆಕ್ಟೊಪಾಸ್ಕಲ್ (ವಾಯುಭಾರದ ಮಾನ) ಎಂದರೆ ಸುಮಾರು 1 ಸೆಂ.ಮೀ. ನೀರು, ತಿದ್ದದೆ ಬಿಟ್ಟರೆ ವಾಯುಭಾರ 10 ಹೆಕ್ಟೊಪಾಸ್ಕಲ್ ಇಳಿದಾಗ ಮಟ್ಟವೂ 10 ಸೆಂ.ಮೀ. ಇಳಿದಂತೆ ಕಾಣುತ್ತದೆ. ಇದನ್ನು ತಿದ್ದಲು ಇಡುವ ವಾಯುಭಾರದ ಲಾಗರನ್ನು ಬಿಸಿಲಿಗೆ ತೂಗುಹಾಕಬೇಡಿ. ಬಿಸಿಯಿಂದಾಗುವ ದೋಷ ಹಗಲು-ರಾತ್ರಿಯ ಲಯದಲ್ಲೇ ಬರುವುದರಿಂದ ಗಿಡ ನೀರು ಹೀರಿದಂತೆಯೇ ಕಾಣುತ್ತದೆ. ನೆರೆ ಮುಟ್ಟದ ಒಣ ಕೊಳವೆಯೊಳಗೆ ಇಳಿಬಿಡಿ. ಪೀಟ್ (ಅರೆಕೊಳೆತ ಸಸ್ಯಪದಾರ್ಥದ) ನೆಲವಾದರೆ ಬಾವಿಯನ್ನು ಕೆಳಗಿನ ಗಟ್ಟಿ ಮಣ್ಣಿಗೆ ಊರಿ. ಪೀಟ್ ಮೇಲ್ಮೈ ನೀರಿನೊಂದಿಗೆ ಏರಿಳಿಯುತ್ತದೆ, ಅದನ್ನೂ ಬೇರೆಯಾಗಿ ಅಳೆಯಬೇಕು.

ಅಂತರ್ಜಲವನ್ನು ಅಳೆಯದೆ, ಒಳಬಂದ-ಹೊರಹೋದ ನೀರಿನ ‘ಲೆಕ್ಕದಲ್ಲಿ ಉಳಿದದ್ದು’ ಎಂದು ತೋರಿಸುವುದು ಇನ್ನೊಂದು ಹಳೇ ಚಾಳಿ. ಒಳಹರಿವು, ಹೊರಹರಿವು ತಲಾ 1,000 ಮಿ.ಮೀ., ದೋಷ ತಲಾ 10% ಎಂದಿಟ್ಟುಕೊಳ್ಳಿ. ಉಳಿಕೆಯ ಅನಿಶ್ಚಿತತೆ ಸುಮಾರು 140 ಮಿ.ಮೀ.; ಅಂತರ್ಜಲ ಅದರೊಳಗೇ ಮುಳುಗಿಹೋಗಬಹುದು. ಎರಡು ಆಳದಲ್ಲಿ ಪೀಜೋಮೀಟರ್ (ಆ ಆಳದ ನೀರಿನ ಒತ್ತಡ ತೋರಿಸುವ ಕೊಳವೆ) ಇಟ್ಟರೆ ನೀರು ಮೇಲೇರುತ್ತಿದೆಯೋ ಇಳಿಯುತ್ತಿದೆಯೋ ಎಂಬುದಾದರೂ ನೇರ ತಿಳಿಯುತ್ತದೆ.

ಜೊಂಡುಹುಲ್ಲು:
ಬಾಷ್ಪವಿಸರ್ಜನೆ (ನೆಲ, ಗಿಡಗಳಿಂದ ಆವಿಯಾಗುವ ನೀರು) ಅಳೆಯಲು ಎಡ್ಡಿ ಕೋವೇರಿಯನ್ಸ್ ಗೋಪುರ (ಗಾಳಿಯ ಸುಳಿಗಳಲ್ಲಿ ಮೇಲೇರುವ ಆವಿಯನ್ನು ನೇರ ಅಳೆಯುವ ಸಾಧನ) ಇಲ್ಲದಿದ್ದರೆ, ಬಾವಿಯ ಮಟ್ಟದ ಹಗಲು-ರಾತ್ರಿ ಏರಿಳಿತದಿಂದ ಲೆಕ್ಕಹಾಕುವ ವೈಟ್ ವಿಧಾನ ನಡೆಯುತ್ತದಾ?

ಮಟ್ಟಗೋಲು:
ಮಳೆಯಿಲ್ಲದ ದಿನಗಳಿಗೆ ನಡೆಯುತ್ತದೆ. ನಡುರಾತ್ರಿಯಿಂದ ಬೆಳಗಿನ 4ರವರೆಗಿನ ಗಂಟೆವಾರು ಏರಿಕೆಯನ್ನು 24ರಿಂದ ಗುಣಿಸಿ, ದಿನದ ನಿವ್ವಳ ಇಳಿಕೆ ಕೂಡಿಸಿ (ಏರಿಕೆಯಾದರೆ ಕಳೆಯಿರಿ), ಮಣ್ಣಿನ ನಿರ್ದಿಷ್ಟ ಇಳುವರಿಯಿಂದ (ಮಟ್ಟ ಇಳಿದಾಗ ಆ ಪದರದ ಮಣ್ಣು ನಿಜವಾಗಿ ಬಿಟ್ಟುಕೊಡುವ ನೀರಿನ ಪಾಲು) ಗುಣಿಸಬೇಕು. ಎಡವುವುದು ಈ ಕೊನೆಯ ಅಂಕಿಯಲ್ಲೇ: 0.2 ಇರಬೇಕಾದಲ್ಲಿ 0.4 ಹಿಡಿದರೆ ಉತ್ತರ ದುಪ್ಪಟ್ಟು. ನೀರು ನೆಲದ ಮೇಲೆ ನಿಂತರೆ ಅದು 1ರ ಹತ್ತಿರ ಬರುತ್ತದೆ, ಹಾಗಾಗಿ ವರ್ಷವಿಡೀ ಒಂದೇ ಅಂಕಿ ಸಲ್ಲದು. ಮಳೆಗೆ ಮಟ್ಟ ಎಷ್ಟು ಏರಿತು ಎಂಬುದರಿಂದ, ಆಳಕ್ಕೆ ತಕ್ಕಂತೆ ಅದನ್ನು ಅಂದಾಜಿಸುವ ಹಂತವನ್ನು ಪ್ರಸ್ತಾವದಲ್ಲೇ ಬರೆಯಿರಿ.

ಕೆಸರುಗಾಲು:
ಆತಿಥೇಯ ಪ್ರಾಧ್ಯಾಪಕರಿಗೆ ಮೊದಲ ಮೇಲ್‌ನಲ್ಲಿ ಪೂರ್ತಿ ಪ್ರಸ್ತಾವ ಬೇಡ, ಒಂದು ಪುಟ ಸಾಕು. ಅವರ ಯಾವ ಬಾವಿಯ ದತ್ತಾಂಶ, ಯಾವ ಸಸ್ಯ, ಯಾವ ಪ್ರಶ್ನೆ ಎಂದಿರಲಿ. ಕೊನೆಯ ದಿನಾಂಕಕ್ಕೆ ನಾಲ್ಕೈದು ತಿಂಗಳ ಮುಂಚೆಯೇ ಕಳಿಸಿ.