ಸಹಾಯ ಬೇಕು: ಡಾಬರ್‌ಮನ್ ಮರಿಗಳ ಬಾಲ ಉಳಿಸಬೇಕು

ಎಲ್ಲರಿಗೂ ನಮಸ್ಕಾರ. ಹಾಸನದ ಹತ್ತಿರ ನಮ್ಮ ಸೋದರಮಾವನ ತೋಟದ ಮನೆಯಲ್ಲಿ ಡಾಬರ್‌ಮನ್ ನಾಯಿ ಮೊನ್ನೆ ರಾತ್ರಿ ಆರು ಮರಿ ಹಾಕಿದೆ. ಮಾವ ನಾಳಿದ್ದು ಬಾಲ ಕತ್ತರಿಸಲು ಯಾರನ್ನೋ ಕರೆಸುತ್ತಿದ್ದಾರೆ.

"ಉದ್ದ ಬಾಲ ಇದ್ದರೆ ಯಾರೂ ತಗೊಳ್ಳಲ್ಲ. ಕಣ್ಣು ಬಿಡದ ಮರಿ, ನೋವೇನೂ ಆಗಲ್ಲ" ಅಂತಾರೆ. ಬಾಲದಲ್ಲಿ ಮೂಳೆ, ನರ ಎಲ್ಲ ಇದೆ, ನೋವಾಗದೆ ಇರುತ್ತದಾ? ನಾಯಿ ಖುಷಿ, ಭಯ ಎರಡನ್ನೂ ತೋರಿಸುವುದು ಬಾಲದಲ್ಲೇ ಅಲ್ವಾ? ಸುಮ್ನೆ ಚೆಂದಕ್ಕೆ ಅದನ್ನು ಕತ್ತರಿಸುವುದು ನನಗೆ ಸಹಿಸಲು ಆಗುತ್ತಿಲ್ಲ.

ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯ 11ನೇ ಸೆಕ್ಷನ್ ತೋರಿಸಿದೆ. ಪ್ರಾಣಿಯ ಅಂಗ ಊನ ಮಾಡುವುದು ಅದರಲ್ಲಿ ಅಪರಾಧ. ದನದ ಕೊಂಬು ತೆಗೆಯುವುದಕ್ಕೆ, ಮೂಗುದಾರ ಹಾಕುವುದಕ್ಕೆ ವಿನಾಯಿತಿ ಹೆಸರಿಸಿದ್ದಾರೆ, ನಾಯಿ ಬಾಲದ ಹೆಸರಿಲ್ಲ. ಇಂಗ್ಲೆಂಡಿನಲ್ಲಂತೂ ಚೆಂದಕ್ಕಾಗಿ ಬಾಲ ಕತ್ತರಿಸುವುದು 2007ರಿಂದ ನಿಷೇಧ. ಮಾವ ಕೇಳುತ್ತಿಲ್ಲ. ಅವರು ಕೆಟ್ಟವರಲ್ಲ, ನಾಯಿಯನ್ನು ಮಗಳ ಹಾಗೆ ಸಾಕಿದ್ದಾರೆ. ಪೊಲೀಸ್, ಕೇಸು ಅಂತ ಹೋಗಲು ನನಗೆ ಮನಸ್ಸಿಲ್ಲ.

ಹಾಸನ ಕಡೆಯ ಪಶುವೈದ್ಯರು ಯಾರಾದರೂ ಅವರ ಜೊತೆ ಫೋನಿನಲ್ಲಿ ಐದು ನಿಮಿಷ ಮಾತಾಡುತ್ತೀರಾ? ಡಾಕ್ಟರ್ ಮಾತಿಗೆ ಅವರು ಬೆಲೆ ಕೊಡುತ್ತಾರೆ. ಬಾಲ ಇರುವ ಡಾಬರ್‌ಮನ್ ಸಾಕಿದವರು ಫೋಟೋ ಹಾಕಿ. ಎರಡು ತಿಂಗಳಾದ ಮೇಲೆ ಬಾಲ ಇರುವ ಮರಿಯನ್ನೇ ತಗೊಳ್ಳುತ್ತೇವೆ ಅನ್ನುವವರಿದ್ದರೆ ಈಗಲೇ ಹೇಳಿ, ಅದೇ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಇರುವುದು ಒಂದೇ ದಿನ.